ಸಾಲ್ಮಿ ಮರಳಿನ ಗಾಲಿ ಗುರುತು

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಕುವೈತಿನ ಶುವೈಖ್‌ನ ಗ್ಯಾರೇಜಿನಲ್ಲಿ ಅರ್ಧ ಆಯುಷ್ಯ ಗ್ರೀಸ್ ಮೆತ್ತಿಕೊಂಡು ಕಳೆದವನು. ಗಾಡಿ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ಕಾರಣ ಸಿಕ್ಕಿದರೆ ಗಾಡಿ ಹೊರಡುತ್ತದೆ. ಊರಿನ ಹುಡುಗರು ರೂಮಿನಲ್ಲಿ ಕೂತು ಜಿನ್ನಿನ ಕಥೆ ಶುರು ಮಾಡಿದರೆ, "ಅದಕ್ಕೆ ಇಕಾಮಾ ಉಂಟಾ? ಕಫೀಲ್ ಯಾರು?" ಎಂದು ಅದರ ವಾಸದ ಪರವಾನಗಿ, ಪರವಾನಗಿ ಕೊಡಿಸಿದ ಧಣಿ ಎರಡನ್ನೂ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅಂಥ ನನಗೇ ಹೀಗಾಯಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೊಲ್ಲಿ ಯುದ್ಧ ಮುಗಿದು ಏಳೆಂಟು ವರ್ಷಗಳಾಗಿದ್ದವು. ಅಹ್ಮದಿಯಲ್ಲಿ ಕೆಲಸಕ್ಕಿದ್ದ ಒಬ್ಬ ಅಮೆರಿಕನ್ ಇಂಜಿನಿಯರ್ ತನ್ನ ಮೋಟರ್‌ಹೋಮನ್ನು ಹಡಗಿನಲ್ಲಿ ತರಿಸಿಕೊಂಡಿದ್ದ. ಒಳಗೇ ಮಂಚ, ಅಡುಗೆಮನೆ, ಕಕ್ಕಸು ಎಲ್ಲ ಇರುವ ಬಸ್ಸಿನಂಥ ಗಾಡಿ ಅದು. ಅವನು ಗ್ಯಾರೇಜಿಗೆ ಬಂದಾಗಲೆಲ್ಲ ತನ್ನ ದೇಶದ ಹಳ್ಳಿ ರಸ್ತೆಗಳ ಕಥೆ ಹೇಳುತ್ತಿದ್ದ. ಜೋಳದ ಹೊಲಗಳ ನಡುವೆ ಹೋಗುವುದಂತೆ, ಎಲ್ಲೋ ಒಂದು ಮರದ ಕೆಳಗೆ ನಿಲ್ಲಿಸಿ ಕಾಫಿ ಕಾಯಿಸುವುದಂತೆ. ಹೆದ್ದಾರಿಯಲ್ಲಿ ಹೋದವನಿಗೆ ದೇಶ ಕಾಣುವುದಿಲ್ಲ, ಒಳದಾರಿ ಹಿಡಿಯಬೇಕು ಎನ್ನುತ್ತಿದ್ದ. ಕೆಲಸ ಮುಗಿಸಿ ಊರಿಗೆ ಹೊರಟಾಗ ಇಂಜಿನ್ ಬಿಚ್ಚಿ ಸರಿಮಾಡಲು ನನಗೇ ಕೊಟ್ಟ. ಹಡಗಿಗೆ ಹತ್ತಿಸುವ ಮೊದಲು ಒಂದು ದಿನ ಚೆನ್ನಾಗಿ ಓಡಿಸಿ ನೋಡು, ಬೇಕಾದರೆ ಮನೆಯವರನ್ನೂ ಕರೆದುಕೊಂಡು ಹೋಗು ಎಂದ. ಇಂಥ ಅಪ್ಪಣೆ ಸಿಕ್ಕಿದರೆ ಯಾರು ಬಿಡುತ್ತಾರೆ?

ಒಂದೇ ಒಂದು ತೊಡಕು. ಎಡಬದಿಯ ಹಿಂದಿನ ಟಯರ್ ಒಡೆದುಹೋಗಿತ್ತು, ಆ ಅಳತೆಯದ್ದು ಇಡೀ ಶುವೈಖ್‌ನಲ್ಲಿ ಸಿಗಲಿಲ್ಲ. ಹಿಂದಿನ ಸಂಜೆ ಹಳೆಯ ನೀರಿನ ಟ್ಯಾಂಕರಿನದ್ದೊಂದನ್ನು ಹೇಗೋ ಹೊಂದಿಸಿ ಕೂರಿಸಿದೆ. ಉಳಿದೆಲ್ಲ ಅಮೆರಿಕದ ನಯವಾದ ಗೆರೆಯ ಟಯರುಗಳು. ಇದೊಂದರ ಮೇಲೆ ಮಾತ್ರ ಬಾಣದ ಹಾಗಿನ ದಪ್ಪ ಅಚ್ಚು. ಅದರಲ್ಲೂ ಒಂದು ಬಾಣದ ತುದಿ ಕಿತ್ತುಹೋಗಿತ್ತು. ನೋಡಲಿಕ್ಕೆ ಮದುಮಗನ ಕಾಲಿಗೆ ಒಂದು ಶೂ, ಒಂದು ಚಪ್ಪಲಿ ಹಾಕಿದ ಹಾಗಿತ್ತು. ಆದರೆ ಗಾಡಿ ಓಡುತ್ತಿತ್ತು, ನನಗೆ ಅಷ್ಟು ಸಾಕು.

ಶುಕ್ರವಾರ ಬೆಳಿಗ್ಗೆ ಹೊರಟೆವು. ನಾನು, ಹೆಂಡತಿ ಝೊಹರಾ, ಆರು ವರ್ಷದ ಮಗಳು ಅಫ್ರಾ, ಮತ್ತೆ ನನ್ನ ಗೆಳೆಯ ಲಾರೆನ್ಸ್. ಲಾರೆನ್ಸ್ ನಮ್ಮ ಮಂಗಳೂರಿನವನೇ, ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಜಹ್ರಾ ದಾಟಿ ಸಾಲ್ಮಿ ರಸ್ತೆ ಹಿಡಿದು, ಸ್ವಲ್ಪ ದೂರ ಹೋದ ಮೇಲೆ ಡಾಂಬರು ಬಿಟ್ಟು ಮರಳಿಗಿಳಿದೆ. ಮಾರ್ಚ್ ತಿಂಗಳು, ಕುರುಚಲು ಗಿಡಗಳಲ್ಲಿ ಹಳದಿ ಹೂ ಬಿಟ್ಟಿತ್ತು. ಕುರಿ ಕಾಯುವವರು ಕೈ ಬೀಸಿದರು. ಅಷ್ಟು ದೊಡ್ಡ ಗಾಡಿಯ ಸ್ಟೇರಿಂಗ್ ಹಿಡಿದು ನಾನು ಎದೆಯುಬ್ಬಿಸಿ ಕೈ ಬೀಸಿದೆ. ಝೊಹರಾ ಓಡುವ ಗಾಡಿಯಲ್ಲೇ ನಮ್ಮೂರ ಅಕ್ಕಿರೊಟ್ಟಿ ಪತ್ತಿರಿಗೆ ಹಿಟ್ಟು ನಾದಿದಳು. ನಾವು ಮಧ್ಯಾಹ್ನ ಮರುಭೂಮಿಯ ನಡುವೆ ಮೇಜು ಹಾಕಿ, ಬಿಸಿ ಪತ್ತಿರ್, ಕುರಿ ಸಾರು ಉಂಡೆವು. ಅಮೆರಿಕದ ಜೋಳದ ಹೊಲ ಇದರ ಮುಂದೆ ಏನೂ ಅಲ್ಲ ಎಂದುಕೊಂಡೆ.

ಆ ಮರಳಿನಲ್ಲಿ ಹೋಗುವವರಿಗೆ ಆಗ ಒಂದೇ ನಿಯಮ: ಬೇರೆ ಗಾಡಿ ಹೋದ ಗುರುತು ಇದ್ದಲ್ಲಿ ಮಾತ್ರ ಗಾಲಿ ಇಡಬೇಕು. ಯುದ್ಧದಲ್ಲಿ ಹೂತಿಟ್ಟ ಮೈನುಗಳು, ಗಾಲಿ ಬಿದ್ದರೆ ಸಿಡಿಯುವ ನೆಲಬಾಂಬುಗಳು, ಇನ್ನೂ ಎಲ್ಲೆಲ್ಲಿ ಉಳಿದಿವೆ ಎಂದು ಯಾರಿಗೂ ಪೂರಾ ಗೊತ್ತಿರಲಿಲ್ಲ. ನಾನೂ ಬೆಳಗಿನಿಂದ ಹಾಗೆಯೇ ಬಂದಿದ್ದೆ, ಹಾಗೆಯೇ ಹಿಂದೆ ಹೋಗುವ ಅಂದಾಜಿನಲ್ಲಿದ್ದೆ.

ಊಟದ ಪಾತ್ರೆ ತೊಳೆಯುತ್ತಿದ್ದಾಗ ಪಶ್ಚಿಮದಲ್ಲಿ ಆಕಾಶ ಕೆಂಪಾಯಿತು. ಎದ್ದು ನಿಲ್ಲುವುದರೊಳಗೆ ಧೂಳು ಬಂದು ಹೊಡೆಯಿತು. ಒಳಗೆ ಸೇರಿ ಕಿಟಕಿಗೆಲ್ಲ ಒದ್ದೆ ಬಟ್ಟೆ ತುರುಕಿದೆವು. ಆದರೂ ನುಸುಳಿತು. ಅಫ್ರಾಳಿಗೆ ಹುಟ್ಟಿನಿಂದ ಉಬ್ಬಸ. ಮೊದಲು ಕೆಮ್ಮಿದಳು, ಆಮೇಲೆ ಎದೆಯಿಂದ ಸೀಟಿ ಊದಿದಂಥ ಸದ್ದು. ಝೊಹರಾಳ ಚೀಲದಲ್ಲಿದ್ದ ಉಬ್ಬಸದ ಪಂಪನ್ನು ಲಾರೆನ್ಸ್ ಅವಳ ಬಾಯಿಗೆ ಹಿಡಿದ, ಮತ್ತೆ ಹಿಡಿದ. ಸದ್ದು ಹೆಚ್ಚಾಯಿತು. ಮಗುವಿನ ತುಟಿಯ ಬಣ್ಣ ಬದಲಾಗುತ್ತಿತ್ತು.

"ಪಂಪಿನಲ್ಲಿ ಮುಗಿಯುವ ಕೆಲಸ ಅಲ್ಲ ಮಾರಾಯ ಇದು," ಎಂದ ಲಾರೆನ್ಸ್, ನನ್ನ ಕಡೆ ನೋಡದೆ. "ಆಕ್ಸಿಜನ್ ಬೇಕು. ಧೂಳು ಇಳಿಯುವವರೆಗೆ ಕಾಯ್ಲಿಕ್ಕೆ ಆಗುದಿಲ್ಲ."

"ಪಪ್ಪಾ, ಐ ಕಾಂಟ್..." ಎಂದಳು ಅಫ್ರಾ. ಪೂರ್ತಿ ಹೇಳಲು ಉಸಿರು ಇರಲಿಲ್ಲ.

ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಬಾಗಿಲು ತೆಗೆದು ಹೊರಗೆ ಇಳಿದೆ. ನಾವು ಬಂದ ಗುರುತು ಒಂದೂ ಉಳಿದಿರಲಿಲ್ಲ, ನೆಲವೆಲ್ಲ ಒರೆಸಿಬಿಟ್ಟಂತೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ನಿಂತರೆ ಮಗು ಉಳಿಯುವುದಿಲ್ಲ, ಹೊರಟರೆ ಎಲ್ಲರೂ ಉಳಿಯುತ್ತೇವೋ ಇಲ್ಲವೋ.

ಬಂಪರಿಗೆ ಕೈ ಊರಿ ತಲೆ ತಗ್ಗಿಸಿದೆ. ಆಗ ಕಂಡಿತು. ಗಾಡಿಯ ಮೂತಿಯ ಎದುರಿನಿಂದ ಶುರುವಾಗಿ, ಎಡಕ್ಕೆ ತಿರುಗಿ ಹೋದ ದಪ್ಪ ಗಾಲಿ ಗುರುತು. ಬೆಳಿಗ್ಗೆ ನಾವು ಬಂದದ್ದು ಬಲದಿಂದ. ಯಾವುದೋ ಟ್ಯಾಂಕರು ಹೋಗಿರಬೇಕು ಎಂದಷ್ಟೇ ನನ್ನ ತಲೆಗೆ ಹೊಳೆದದ್ದು, ಏಕೆಂದರೆ ಒಂದು ಕಡೆ ಬಾಣದ ಅಚ್ಚಿತ್ತು. ಬಾಣ ಮುಂದಕ್ಕೆ ತೋರಿಸುತ್ತಿತ್ತು. ಹತ್ತಿ ಕೂತು, "ಬಿಸ್ಮಿಲ್ಲಾ, ಯಲ್ಲಾ," ಎಂದು ಗೇರ್ ಹಾಕಿದೆ.

ಆ ದಾರಿ ನೆಟ್ಟಗಿರಲಿಲ್ಲ. ಬಯಲಿನಲ್ಲಿ ಏನೂ ಇಲ್ಲದ ಕಡೆ ಸುತ್ತಿ ಬಳಸಿ ಹೋಗುತ್ತಿತ್ತು. ನನಗೆ ಸಿಟ್ಟು ಬಂತು, ಯಾವ ಕುಡುಕ ಓಡಿಸಿದ್ದಾನೆ ಎಂದು ಬೈದೆ. ಆದರೂ ಒಂದು ಗೇಣು ಆಚೀಚೆ ಮಾಡಲಿಲ್ಲ. ಅಷ್ಟರಲ್ಲಿ ಪಕ್ಕದ ಕಿಟಕಿಯಲ್ಲಿ ನೋಡುತ್ತಿದ್ದ ಝೊಹರಾ ನನ್ನ ತೋಳು ಹಿಡಿದಳು.

"ಬೋರ್ಡ್ ಉಂಟು ಅಲ್ಲಿ," ಎಂದಳು. "ಕೆಂಪು ಬೋರ್ಡ್. ತಲೆಬುರುಡೆ."

ತುಕ್ಕು ಹಿಡಿದ ಮುಳ್ಳುತಂತಿ ನಮ್ಮ ಬಲಕ್ಕೆ ಸರಿದುಹೋಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಎಡಕ್ಕೂ ಒಂದು. ಗಾಳಿ ಗಾಡಿಯನ್ನೇ ಅಲುಗಾಡಿಸುತ್ತಿತ್ತು, ಹತ್ತು ಮಾರು ಆಚೆ ಕಾಣುತ್ತಿರಲಿಲ್ಲ. ಎದುರಿನ ಗುರುತಿನ ಮೇಲೆ ಮಾತ್ರ ಒಂದು ಕಣ ಧೂಳು ಕೂತಿರಲಿಲ್ಲ, ಈಗಷ್ಟೇ ಒತ್ತಿದಂತೆ ಚೊಕ್ಕವಾಗಿತ್ತು. ಇದು ನನಗೆ ಆಗ ವಿಚಿತ್ರ ಅನ್ನಿಸಲೇ ಇಲ್ಲ. ಮಗಳ ಎದೆಯ ಸದ್ದು ಕೇಳುತ್ತಿದೆಯಲ್ಲ, ಕೇಳುತ್ತಿರಲಿ ಎಂಬುದೊಂದೇ ನನ್ನ ಪ್ರಾರ್ಥನೆಯಾಗಿತ್ತು.

ಗಾಲಿ ಒಮ್ಮೆ ಎಗರಿ ಡಾಂಬರಿಗೆ ಹತ್ತಿತು. ಎದುರಿಗೇ ಪೊಲೀಸ್ ಚೌಕಿ, ಅದರ ಪಕ್ಕ ನಿಂತಿದ್ದ ಆಂಬುಲೆನ್ಸ್. ನಾನು ಹಾರ್ನಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಲಾರೆನ್ಸ್ ಮಗುವನ್ನು ಎತ್ತಿಕೊಂಡು ಓಡಿದ. ಮುಖಕ್ಕೆ ಮಾಸ್ಕ್ ಹಾಕಿದರು. ನಾನು, ಝೊಹರಾ ನೆಲದ ಮೇಲೇ ಕೂತೆವು. ಎಷ್ಟು ಹೊತ್ತೋ ಗೊತ್ತಿಲ್ಲ, ಆ ಸೀಟಿಯ ಸದ್ದು ಮೆಲ್ಲಗೆ ಇಳಿಯಿತು, ತುಟಿ ಕೆಂಪಾಯಿತು. ಅಫ್ರಾ ಮಾಸ್ಕ್ ಸರಿಸಿ ನನ್ನನ್ನು ನೋಡಿದಳು.

"ಪಪ್ಪಾ, ಐ ಆಮ್ ಹಂಗ್ರಿ," ಎಂದಳು.

ನಾನು ನಕ್ಕದ್ದೋ ಅತ್ತದ್ದೋ ನನಗೇ ತಿಳಿಯದು. ಝೊಹರಾ ಉಳಿದಿದ್ದ ಪತ್ತಿರನ್ನೆಲ್ಲ ಪೊಲೀಸರಿಗೂ ಆಂಬುಲೆನ್ಸಿನವರಿಗೂ ಹಂಚಿದಳು. ಲಾರೆನ್ಸ್ ನನ್ನ ಬೆನ್ನಿಗೆ ಹೊಡೆದದ್ದೇ ಹೊಡೆದದ್ದು. ಆ ಗಳಿಗೆಯಲ್ಲಿ ಕುವೈತಿನ ಅಮೀರನಿಗೂ ನನ್ನಷ್ಟು ಹೆಮ್ಮೆ ಇದ್ದಿರಲಾರದು. ಮುದಿ ಪೊಲೀಸನೊಬ್ಬ ಎಲ್ಲಿಂದ ಬಂದಿರಿ ಎಂದು ಕೇಳಿದ. ಕೈ ಮಾಡಿ ತೋರಿಸಿದೆ. ಅವನು ಪತ್ತಿರನ್ನು ಬಾಯಿಗೆ ಒಯ್ಯುತ್ತಿದ್ದವನು ನಿಲ್ಲಿಸಿದ. ಆ ಕಡೆಯಿಂದ ಯಾರೂ ಬರುವುದಿಲ್ಲ, ಅಲ್ಲಿ ಇನ್ನೂ ಮೈನು ತೆಗೆದಿಲ್ಲ ಎಂದ. ನಮ್ಮ ಮುಂದೆ ಹೋದ ಟ್ಯಾಂಕರು ಯಾವ ಕಡೆ ತಿರುಗಿತು ಎಂದು ಕೇಳಿದೆ. ಯಾವ ಟ್ಯಾಂಕರು? ಬೆಳಗಿನಿಂದ ಆ ಮರಳಿನಿಂದ ಹತ್ತಿದ ಗಾಡಿ ನಿಮ್ಮದೊಂದೇ ಎಂದ.

ಗಾಳಿ ನಿಂತ ಮೇಲೆ ನಾನೂ ಲಾರೆನ್ಸೂ ಡಾಂಬರಿನ ಅಂಚಿಗೆ ಹೋಗಿ ನೋಡಿದೆವು. ಕೊನೆಯ ತಿರುವಿನಲ್ಲಿ ನಾನು ಅವಸರಕ್ಕೆ ಸ್ವಲ್ಪ ಅಗಲವಾಗಿ ತಿರುಗಿಸಿದ್ದೆ. ಹಾಗಾಗಿ ಅಲ್ಲಿ ಮೊದಲಿದ್ದ ಗುರುತು, ನನ್ನ ಗುರುತು ಎರಡೂ, ರಸ್ತೆಯ ದಿಬ್ಬದ ಮರೆಯಲ್ಲಿ ಅಳಿಯದೆ, ಪಕ್ಕಪಕ್ಕ ಬಿದ್ದಿದ್ದವು. ಎರಡರಲ್ಲೂ ಮೂರು ಕಡೆ ನಯವಾದ ಗೆರೆ, ಎಡಗಡೆ ಹಿಂದೆ ಬಾಣ. ಬಾಣಗಳನ್ನು ನೋಡುತ್ತ ನೋಡುತ್ತ ಹೋದೆ. ನನ್ನ ಗುರುತಿನಲ್ಲಿ ತುದಿ ಕಿತ್ತ ಬಾಣ ಸಿಕ್ಕಿತು. ಪಕ್ಕದ್ದರಲ್ಲೂ ಸಿಕ್ಕಿತು.

"ನಾವೇ ಬೆಳಿಗ್ಗೆ ಹೀಗೆ ಬಂದದ್ದಾ ಎಂತ?" ಎಂದ ಲಾರೆನ್ಸ್, ಮೆಲ್ಲಗೆ.

ಬಾಣ ಯಾವಾಗಲೂ ಗಾಡಿ ಹೋದ ದಿಕ್ಕಿಗೇ ಬೀಳುತ್ತದೆ, ಹಾಗಾಗಿದ್ದರೆ ಅದು ಮರುಭೂಮಿಯ ಒಳಕ್ಕೆ ತೋರಿಸಬೇಕಿತ್ತು. ಎರಡೂ ಹೊರಕ್ಕೆ, ಡಾಂಬರಿನ ಕಡೆಗೇ ತೋರಿಸುತ್ತಿದ್ದವು. ಅವನಿಗೂ ಅದು ಕಂಡಿತು. ಖಲಾಸ್, ಹೋಗುವ ಎಂದು ನನ್ನ ಕೈ ಹಿಡಿದು ಎಳೆದ.

ಗಾಡಿ ಹಡಗು ಹತ್ತಿ ಹೋಯಿತು. ಅಫ್ರಾ ಈಗ ದೊಡ್ಡವಳಾಗಿ ಸ್ವತಃ ಕಾರು ಓಡಿಸುತ್ತಾಳೆ. ಕಾರಣ ಹುಡುಕುವುದು ನನ್ನ ಕಸುಬು, ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ನೆಂಟರ ಮನೆಯಲ್ಲಿ ಆ ದಿನದ ಮಾತು ಬಂದರೆ ಎಲ್ಲರೂ ನನ್ನನ್ನು ಹೊಗಳುತ್ತಾರೆ, ಮೈನುಗಳ ನಡುವೆ ಹೆದರದೆ ಗಾಡಿ ಹೊಡೆದ ಗಂಡಸು ಎನ್ನುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಓಡಿಸಿದ್ದು ನಾನೇ, ಮಗಳನ್ನು ಉಳಿಸಿದ್ದು ನಾನೇ. ಆದರೆ ನನ್ನೆದುರು ಗುರುತಾದರೂ ಇತ್ತು. ಮೊದಲು ಹೋದವನೂ ನಾನೇ ಆಗಿದ್ದರೆ, ಅವನು ಯಾರ ಗುರುತು ನೋಡಿಕೊಂಡು ಹೋದ?