ಸೇತುವೆಯ ಈಚೆ ನಿಂತ ರೈಲು

ಆ ಓಣಿಯಲ್ಲಿ ಅವನನ್ನು ಎಲ್ಲರೂ ಅರ್ಧಮೀಸೆ ಎಂದೇ ಕರೆಯುತ್ತಿದ್ದರು. ಅವನ ಮೀಸೆಯೇನೋ ಪೂರ್ತಿಯೇ ಇತ್ತು, ದಪ್ಪಗೆ, ಎರಡೂ ಕಡೆ ಸಮನಾಗಿ. ಅರ್ಧ ಉಳಿದದ್ದು ಬೇರೊಬ್ಬರ ಮೀಸೆ, ಹೆಸರು ಅಂಟಿಕೊಂಡದ್ದು ಇವನಿಗೆ. ಕ್ಷೌರದ ಅಂಗಡಿ ಇಟ್ಟವನಿಗೆ ಇದಕ್ಕಿಂತ ಕೆಟ್ಟ ಹೆಸರು ಬೇಕೇ? ಆದರೂ ಅವನು ಒಂದು ದಿನವೂ ಮುಖ ಸಣ್ಣದು ಮಾಡಿಕೊಂಡವನಲ್ಲ. ನಾಚಿಕೆಯೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಈಗ ಅವನಿಲ್ಲ. ದಾರಿಯಲ್ಲಿ ಹಳಬರು ಯಾರಾದರೂ ಸಿಕ್ಕಿ, ನೀವು ಅರ್ಧಮೀಸೆಯ ಹೆಂಡತಿ ಅಲ್ಲವೇ ಎಂದು ಕೇಳಿದರೆ, ಕರೆದು ಕೂರಿಸಿ ನೀರು ಕೊಟ್ಟ ಹಾಗೆ ಅವಳ ಜೀವ ತಂಪಾಗುತ್ತದೆ.

ಅಂಗಡಿ ಬಲು ಕಿರಿದು. ಎರಡು ಕುರ್ಚಿ, ಎದುರಿಗೊಂದು ಹಿಂದಕ್ಕೊಂದು ಕನ್ನಡಿ, ಕಾಯುವವರಿಗೆ ಗೋಡೆಗೆ ತಾಗಿದ ಬೆಂಚು. ಹಿಂದುಗಡೆ ಒಂದು ಪರದೆ. ಪರದೆಯ ಆಚೆಗೇ ಮನೆ. ಅಂಗಡಿಯ ಟವೆಲ್ಲುಗಳನ್ನೆಲ್ಲ ಕುದಿಸಿ, ಒಗೆದು, ಮಹಡಿಯ ಮೇಲೆ ಒಣಹಾಕಿ, ಸಂಜೆ ಮಡಚಿ ಇಡುವುದು ಹೆಂಡತಿಯ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲೇ ಅವಳಿಗೆ ಒಂದು ವಿಷಯ ಗೊತ್ತಾಗಿತ್ತು. ಕ್ಷೌರದವರು ಮಾತಿನ ಮಲ್ಲರು ಎಂದು ಜನ ಹೇಳುತ್ತಾರೆ, ಆದರೆ ತನ್ನ ಗಂಡ ಕಿವಿಯ ಮಲ್ಲ. ಯಾರಾದರೂ ತಮ್ಮ ಹಳೆಯ ಕಥೆ ತೆಗೆದರೆ ಅವನ ಕತ್ತರಿ ನಿಧಾನವಾಗುತ್ತಿತ್ತು. ಕಥೆ ರಂಗೇರಿದರೆ ಕತ್ತರಿ ನಿಂತೇ ಬಿಡುತ್ತಿತ್ತು. ಬೆಂಚಿನ ಮೇಲೆ ಕಾಯುವವರು ಕೆಮ್ಮುವರು, ಗಡಿಯಾರ ನೋಡುವರು, ಕೊನೆಗೆ ಅವರೂ ಬಾಯಿ ಬಿಟ್ಟುಕೊಂಡು ಕೇಳುವರು. ಅವಳ ಮಾವ ಬದುಕಿರುವ ತನಕ ಗೊಣಗಿದ್ದು ಒಂದೇ ಮಾತು: ಇವನ ಕತ್ತರಿಯ ಸದ್ದು ನಿಂತಿತೆಂದರೆ ಯಾರದೋ ಮನೆಯ ಗುಟ್ಟು ಹೊರಬಿತ್ತು ಎಂದೇ ಲೆಕ್ಕ.

ಹಾಸಿಗೆ ಹಿಡಿದವರ ಮನೆಗೆ ಅವನು ಹೋಗತೊಡಗಿದ್ದೂ ಈ ಚಟದಿಂದಲೇ. ಮುದುಕ ಬಡಗಿಯೊಬ್ಬ ಕುರ್ಚಿಯಲ್ಲಿ ಕೂತು ಕಥೆ ಹೇಳುತ್ತಿದ್ದ. ತಾನು ಮಾಡಿಕೊಟ್ಟ ಬೀರುವೊಂದು ಯಾವ ಬಾಗಿಲಿನಿಂದಲೂ ಒಳಗೆ ಹೋಗದೆ ಬೀದಿಯಲ್ಲೇ ನಿಂತ ಕಥೆ. ಅರ್ಧ ಹೇಳಿ, ಉಳಿದದ್ದು ಮುಂದಿನ ಸಲ ಎಂದು ಎದ್ದುಹೋದವನು ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ತಿಂಗಳು ಕಳೆದರೂ ಬಡಗಿಯ ಸುದ್ದಿ ಇಲ್ಲ. ಗಂಡನಿಗೆ ಅನ್ನ ಸೇರದು. ಆ ಬೀರು ಏನಾಯಿತೋ ಎಂಬ ಒಂದೇ ಚಿಂತೆ. ಕೊನೆಗೆ ಅಂಗಡಿಯ ರಜೆಯ ದಿನ ಬಡಗಿಯ ಮನೆ ಹುಡುಕಿಕೊಂಡು ಹೊರಟ. ಬರಿಗೈಯಲ್ಲಿ ಹೋಗುವುದು ಹೇಗೆಂದು ಕತ್ತಿ ಸಾಬೂನಿನ ಪೆಟ್ಟಿಗೆ ಕಂಕುಳಿಗೆ ಸಿಕ್ಕಿಸಿಕೊಂಡ. ಬಡಗಿಯ ಗಡ್ಡ ಎದೆಯ ತನಕ ಇಳಿದಿತ್ತಂತೆ. ಗಡ್ಡವೂ ಹೋಯಿತು, ಕಥೆಯ ಬೀರುವೂ ಕಿಟಕಿ ಒಡೆದು ಒಳಗೆ ಸೇರಿತು. ಪಕ್ಕದ ಮನೆಯವರು ನಮ್ಮ ಅಜ್ಜನಿಗೂ ಎಂದರು, ಅವರ ಎದುರಿನವರು ನಮ್ಮ ಅತ್ತೆಯ ಕೂದಲಿಗೂ ಎಂದರು. ಆಮೇಲೆ ರಜೆ ಬಂತೆಂದರೆ ಅವನು ಮನೆಯಲ್ಲಿ ಸಿಕ್ಕಿದರೆ ಕೇಳಿ.

ಓಣಿಯವರು ಪುಣ್ಯಾತ್ಮ ಎಂದರು. ಹೆಂಡತಿ ಮಾತ್ರ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಟವೆಲ್ ಹಿಂಡುತ್ತಿದ್ದಳು. ಅವಳಿಗೂ ವಾರಕ್ಕೊಂದೇ ರಜೆ. ಗಂಡನ ಜೊತೆ ಕೆರೆಯ ದಂಡೆಗೆ ಹೋಗಿ ಅರ್ಧ ಗಳಿಗೆ ಕೂತು ಬರಬೇಕೆಂಬ ಆಸೆ ಅತಿಯಾಸೆಯೇನಲ್ಲ. ಒಮ್ಮೆ ಕೇಳಿಯೂಬಿಟ್ಟಳು.

"ನಿಮಗೆ ಈ ಪುಣ್ಯ ಕಟ್ಕೊಳ್ಳೋ ಕೆಲಸ ಯಾರು ಹೇಳಿದ್ರು?"

"ಪುಣ್ಯನೂ ಇಲ್ಲ, ಗಿಣ್ಯನೂ ಇಲ್ಲ ಕಣೇ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಯಾರಾದ್ರೂ ನನ್ನ ಹೊಗಳಿದ್ರೆ ಕದ್ದ ಮಾಲು ಇಟ್ಕೊಂಡ ಹಾಗಾಗುತ್ತೆ."

ಆದರೆ ಸಂಜೆ ಅವಳು ಟವೆಲ್ ಮಡಚಲು ಕೂತಾಗ ಅವನು ಗೋಡೆಗೊರಗಿ ಕೂತು ಆ ದಿನ ಕೇಳಿದ್ದನ್ನೆಲ್ಲ ಹೇಳುತ್ತಿದ್ದ. ಬಡಗಿಯ ಬೀರು, ಅತ್ತೆಯೊಬ್ಬಳು ಸೊಸೆಗೆ ಹೆದರಿ ಪಾತ್ರೆಯಲ್ಲಿ ಬಚ್ಚಿಟ್ಟ ಬೆಕ್ಕಿನ ಮರಿ, ಎಲ್ಲ. ಅವಳು ಕೇಳುತ್ತಿಲ್ಲವೆಂಬಂತೆ ತಲೆ ಬಗ್ಗಿಸಿಯೇ ಇರುತ್ತಿದ್ದಳು. ಆದರೂ ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಮಲಗಿದವರ ಗಡ್ಡ ತೆಗೆಯಲು ಅವನದೇ ಒಂದು ಪದ್ಧತಿ ಇತ್ತು. ಕತ್ತಿ ಕೆನ್ನೆಯ ಮೇಲಿರುವಾಗ ಮಾತಾಡಿಸಬಾರದು, ತುಟಿ ಅಲುಗಿದರೆ ರಕ್ತ. ಮಾತಾಡದಿದ್ದರೆ ಇವನು ಹೋದದ್ದೇ ದಂಡ. ಅದಕ್ಕೆ ಒಂದು ಕೆನ್ನೆ ಮುಗಿಸಿ, ಕತ್ತಿ ಮಡಚಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು ಕಥೆ ಕೇಳುವುದು. ಆಮೇಲೆ ಇನ್ನೊಂದು ಕೆನ್ನೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನಡೆಯುತ್ತಿತ್ತು, ರೈಲಜ್ಜ ಸಿಗುವ ತನಕ.

ರೈಲಜ್ಜ ಎಂದರೆ ರೈಲಿನ ಡ್ರೈವರ್ ಆಗಿದ್ದವರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮಗಳ ಮನೆಯ ನಡುಕೋಣೆಯಲ್ಲಿ ಮಲಗಿದ್ದರು, ಎರಡೂ ಕಾಲು ಸೋತಿದ್ದವು. ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ಎಷ್ಟಾದರೂ ಬ್ರೇಕು ಹಿಡಿದ ಕೈ. ಮೊದಲ ದಿನವೇ ಬಲಗಡೆಯ ಕೆನ್ನೆ, ಬಲಗಡೆಯ ಮೀಸೆ ಮುಗಿದ ಮೇಲೆ ಕಥೆ ಶುರು ಮಾಡಿದರು. ಕಥೆ ಮುಗಿದಾಗ ಇವನು ಕಣ್ಣೊರೆಸಿಕೊಂಡು, ಪೆಟ್ಟಿಗೆ ಮುಚ್ಚಿ, ನಮಸ್ಕಾರ ಹೇಳಿ ಮನೆಗೆ ಬಂದುಬಿಟ್ಟ. ಮಾರನೆಯ ದಿನ ಅಜ್ಜನ ಮಗಳು ಅಂಗಡಿಗೆ ಬಂದು, ನೆಂಟರೆಲ್ಲ ಬಂದು ನಮ್ಮಪ್ಪನ್ನ ನೋಡಿ ಬಿದ್ದು ಬಿದ್ದು ನಕ್ಕರು, ಉಳಿದ ಅರ್ಧ ಯಾವಾಗ ಎಂದು ಬೆಂಚಿನ ತುಂಬ ಜನರಿರುವಾಗಲೇ ಕೇಳಿದಳು. ಆವತ್ತಿನಿಂದ ಹೆಸರು ಖಾಯಂ ಆಯಿತು.

ಆಮೇಲೆ ಅಜ್ಜ ದೊಡ್ಡ ಕಥೆ ತೆಗೆದರು. ದಟ್ಟ ಮಂಜಿನ ಬೆಳಗು, ಹೊಳೆಯ ಮೇಲೊಂದು ಉದ್ದನೆಯ ಸೇತುವೆ. ರೈಲಿನ ತುಂಬ ಜನ. ಕೆಂಪು ದೀಪವಿಲ್ಲ, ಬಾವುಟವಿಲ್ಲ, ಏನೂ ಇಲ್ಲ. ಆದರೂ ತಾನು ಸೇತುವೆಯ ಈಚೆಗೇ ಗಾಡಿ ನಿಲ್ಲಿಸಿದೆ ಎಂದರು. ಯಾಕೆ ಎಂದು ಇವನು ಕೇಳಿದರೆ, ಮುಂದಿನ ವಾರ ಬಾ ಎಂದರು. ಮುಂದಿನ ವಾರ ಇಂಜಿನ್ನಿನ ವರ್ಣನೆ. ಅದರ ಮುಂದಿನ ವಾರ ಸಹಾಯಕನ ಹಲ್ಲುನೋವು. ಇಲ್ಲಿ ಮನೆಯಲ್ಲಿ ಹೆಂಡತಿಯ ಕೈಯಲ್ಲಿ ಟವೆಲ್ ಹಾಗೇ ಉಳಿಯುತ್ತಿತ್ತು.

ಆ ಹೊತ್ತಿಗೇ ಬಡಾವಣೆಯ ಆಸ್ಪತ್ರೆಯ ಮೇಡಂ ಕಿವಿಗೆ ಇವನ ಸುದ್ದಿ ಬಿತ್ತು. ಒಳ್ಳೆಯ ಹೆಂಗಸು, ಕೈಯಿಟ್ಟದ್ದನ್ನೆಲ್ಲ ಅಚ್ಚುಕಟ್ಟು ಮಾಡುವವಳು. ಇಂಥವನನ್ನು ಸುಮ್ಮನೆ ಬಿಡಬಾರದೆಂದು ಕರೆಸಿ, ಹತ್ತು ಜನರ ಮುಂದೆ ಹೊಗಳಿ, ಎದೆಗೆ ಒಂದು ಬಿಲ್ಲೆ ಸಿಕ್ಕಿಸಿದಳು. ಸಮಾಜಸೇವಕ ಎಂದು ಅದರಲ್ಲಿ ಬರೆದಿತ್ತು. ಇನ್ನೂ ಎಷ್ಟೋ ಮನೆಯವರು ಕಾಯುತ್ತಿದ್ದಾರೆ, ಅದಕ್ಕೆ ಒಂದು ಮನೆಗೆ ಕಾಲು ಗಂಟೆ ಸಾಕು ಎಂದು ಗೊತ್ತು ಮಾಡಿದಳು. ಜೊತೆಗೊಬ್ಬ ನರ್ಸಮ್ಮ ಗಡಿಯಾರ ನೋಡುತ್ತ ನಿಲ್ಲುವಳು. ಇವನು ಹೂಂ ಎಂದುಬಿಟ್ಟ. ಹೊಗಳಿಕೆಗೆ ಸಿಕ್ಕಿಬಿದ್ದವನಿಗೆ ತಪ್ಪಿಸಿಕೊಳ್ಳುವ ದಾರಿ ಎಲ್ಲಿದೆ?

ಎರಡೂ ಕೆನ್ನೆ ಒಂದೇ ಉಸಿರಿಗೆ ಮುಗಿಯತೊಡಗಿದವು. ಮೊದಲಿಗಿಂತ ಹೆಚ್ಚು ಮನೆ, ಮೊದಲಿಗಿಂತ ನುಣ್ಣಗೆ ಗಡ್ಡ. ಕಥೆ ಮಾತ್ರ ಇಲ್ಲ. ರೈಲಜ್ಜ ನರ್ಸಮ್ಮನನ್ನು ನೋಡಿ ಬಾಯಿಗೆ ಬೀಗ ಹಾಕಿದರು. ಆಮೇಲಾಮೇಲೆ ಗೋಡೆಯ ಕಡೆ ತಿರುಗಿ ಮಲಗಿ ಗಡ್ಡವೇ ಬೇಡ ಎಂದರು. ಊಟವೂ ಕಡಿಮೆಯಾಗಿದೆ, ಎಷ್ಟು ದಿನವೋ ಏನೋ ಎಂದು ಮಗಳು ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದಳಂತೆ. ಗಂಡ ಮನೆಗೆ ಬಂದವನೇ ಬಿಲ್ಲೆ ಕಿತ್ತು ಮೊಳೆಗೆ ನೇತುಹಾಕಿ, ಇನ್ನು ಎಲ್ಲಿಗೂ ಹೋಗುವುದಿಲ್ಲ, ಬೇರೆ ಯಾರಾದರೂ ಮಾಡಿಕೊಳ್ಳಲಿ ಎಂದ.

ಅವಳು ಸಂತೋಷಪಡಬೇಕಿತ್ತು. ರಜೆ ಬಂತು, ಗಂಡ ತಾನಾಗಿಯೇ ಕೆರೆಯ ದಂಡೆಗೆ ಕರೆದೊಯ್ದ. ಎಷ್ಟು ವರ್ಷದ ಆಸೆ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ನೀರು ಚೆನ್ನಾಗಿತ್ತು, ಗಾಳಿ ಚೆನ್ನಾಗಿತ್ತು. ಆದರೆ ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿಯ ಹಾಗೆ ಅವನು ನೀರು ನೋಡುತ್ತ ಕೂತಿದ್ದ. ಕೊನೆಗೆ ಅವಳೇ ಕೇಳಿದಳು.

"ಅಲ್ಲಾ ರೀ, ಆ ರೈಲು ಯಾಕೆ ನಿಂತಿತು?"

"ನನಗೇನು ಗೊತ್ತು? ಅಜ್ಜ ಹೋದ್ರೆ ಅದೂ ಅವರ ಜೊತೆಗೇ ಹೋಯ್ತು."

 ಮಾರನೆಯ ದಿನ ಒಲೆಯ ಮೇಲೆ ಟವೆಲ್ ಕುದಿಯುತ್ತಿರುವಾಗಲೇ ಬೆಂಕಿ ಆರಿಸಿ, ಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದಳು.

ಮೇಡಂ ಕೋಣೆಯಲ್ಲಿ ಔಷಧಿ ಬಾಟಲಿಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಪೆನ್ನುಗಳು ಉದ್ದದ ಪ್ರಕಾರ ಮಲಗಿದ್ದವು. ಅವಳು ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಅದು ವಕ್ರವಾಗಿತ್ತು. ಮೇಡಂ ಅದನ್ನು ಬೆರಳಿನಿಂದ ತಿರುಗಿಸಿ ಮೇಜಿನ ಅಂಚಿಗೆ ನೇರ ಮಾಡಿ, ಏನಮ್ಮ, ನಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದಳು.

"ನಿಮ್ಮ ತಪ್ಪೇನಿಲ್ಲ ಮೇಡಂ. ನಾಲ್ಕು ಮನೆಗೆ ಹೆಚ್ಚು ಅನುಕೂಲ ಆಗ್ಲಿ ಅಂತ ಮಾಡಿದ್ರಿ. ಆದ್ರೆ ನಮ್ಮನೆಯವರು ಹೋಗ್ತಿದ್ದದ್ದು ಗಡ್ಡಕ್ಕಲ್ಲ, ಕಥೆಗೆ. ಗಡ್ಡ ದಾರೀಲಿ ಸಿಕ್ಕಿದ್ದು. ಈಗ ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಅನ್ನೋ ಹಾಗಾಗಿದೆ."

ಮೇಡಂ ನಕ್ಕಳು. ತನ್ನ ಗಂಡನೂ ಹೀಗೇ ಬಯ್ಯುತ್ತಾನೆ, ನಿನಗೆ ಜನಸೇವೆಯೂ ಇಲ್ಲ ಏನೂ ಇಲ್ಲ, ಜೋಡಿಸುವ ಹುಚ್ಚು ಅಷ್ಟೇ, ಮನೆಯ ಚಮಚ ಜೋಡಿಸಿ ಮುಗಿಯಿತೆಂದು ಊರಿಗೆ ಬಂದಿದ್ದೀಯ ಎನ್ನುತ್ತಾನೆ ಎಂದಳು. ಆಮೇಲೆ ಅದು ಯಾವ ಕಥೆ ಎಂದು ವಿಚಾರಿಸಿದಳು. ಇವಳು ನಿಂತಲ್ಲೇ ಶುರು ಮಾಡಿದಳು. ಮಂಜು, ಹೊಳೆ, ರೈಲಿನ ತುಂಬ ಜನ, ಸಹಾಯಕನ ಹಲ್ಲುನೋವು, ಸೇತುವೆಯ ಈಚೆಗೇ ನಿಂತ ಗಾಡಿ.

"ಆಮೇಲೆ?" ಎಂದಳು ಮೇಡಂ.

"ಅದೇ ಗೊತ್ತಿಲ್ಲ ಮೇಡಂ. ಸುಳ್ಳು ಯಾಕೆ ಹೇಳ್ಲಿ, ನಾನು ಬಂದದ್ದೂ ಅದಕ್ಕೇ. ಅವರಿಗೋಸ್ಕರ ಅರ್ಧ, ನನಗೋಸ್ಕರ ಅರ್ಧ."

 ನಿಮ್ಮ ಗಂಡ ತಮಗೆ ಬೇಕಾದ ಮನೆಗೆ ಬೇಕಾದಷ್ಟು ಹೊತ್ತು ಹೋಗಲಿ, ಗಡಿಯಾರ ಬೇಡ ಎಂದಳು ಮೇಡಂ. ಉಳಿದ ಮನೆಗಳಿಗೆ ಬೇರೆ ಅಂಗಡಿಯವರನ್ನು ತಾನು ಗೊತ್ತು ಮಾಡುವುದಾಗಿಯೂ, ಹೋದ ಕಡೆಯೆಲ್ಲ ಬಿಸಿನೀರು, ಟವೆಲ್ ಸಿದ್ಧವಿರುವ ಹಾಗೆ ನೋಡಿಕೊಳ್ಳುವುದಾಗಿಯೂ ಹೇಳಿದಳು. ಜೋಡಿಸಲು ಹೊಸದೊಂದು ಸಿಕ್ಕಿತೆಂದು ಅವಳ ಮುಖ ಅರಳಿತ್ತು. ಬಾಗಿಲ ತನಕ ಬಂದು ಮೆಲ್ಲಗೆ, ಕೊನೆ ಗೊತ್ತಾದರೆ ನನಗೂ ಹೇಳಿ ಎಂದಳು.

ಅವಳು ಬಂದು ಹೇಳಿದ ಮೇಲೆ ಮುಂದಿನ ರಜೆಯವರೆಗೆ ಕಾಯಲು ಗಂಡನಿಂದ ಆಗಲಿಲ್ಲ. ಆವತ್ತೇ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು, ಒಬ್ಬನೇ, ಪೆಟ್ಟಿಗೆ ಹಿಡಿದು ಹೊರಟ. ಸಂಜೆ ಬಂದಾಗ ಅವನ ಮುಖ ಹಚ್ಚಿದ ದೀಪದ ಹಾಗಿತ್ತು. ಅವಳು ಟವೆಲ್ ಮುಟ್ಟದೆ ಕೂತಳು. ಅವನು ಹೇಳಿದ.

ಸೇತುವೆಯ ಈಚೆಗೆ ಗೇಟು ಕಾಯುವವನ ಗುಡಿಸಲಿತ್ತಂತೆ. ಅವನ ಮಗಳು ದಿನಾ ಅಪ್ಪನ ಪಕ್ಕ ಹಸಿರು ಬಾವುಟ ಹಿಡಿದು ನಿಲ್ಲುವಳು. ಅಜ್ಜ ಆಗ ಎಳೆಯ ಡ್ರೈವರ್. ಅವಳ ಮುಖ ಕಾಣುವ ಕ್ಷಣಕ್ಕಾಗಿ ಅಷ್ಟು ದೂರದಿಂದ ಗಾಡಿ ಓಡಿಸುತ್ತಿದ್ದರಂತೆ. ಆ ದಿನ ಮಂಜಿನಲ್ಲಿ ಗುಡಿಸಲೂ ಇಲ್ಲ, ಬಾವುಟವೂ ಇಲ್ಲ, ಹುಡುಗಿಯೂ ಇಲ್ಲ. ನೋಡದೆ ಸೇತುವೆ ದಾಟಲು ಮನಸ್ಸು ಒಪ್ಪಲಿಲ್ಲ. ಇಂಜಿನ್ ಸದ್ದು ಸರಿಯಿಲ್ಲ ಎಂದು ಸುಳ್ಳು ಹೇಳಿ ಬ್ರೇಕು ಹಾಕಿ ಇಳಿದರು. ಎದುರಿನಿಂದ ಅವಳೇ ಏದುಸಿರು ಬಿಡುತ್ತ ಓಡಿ ಬಂದಳು. ರಾತ್ರಿ ಏರಿದ ಹೊಳೆಯ ನೀರಿಗೆ ಸೇತುವೆಯ ಕಂಬವೊಂದು ಕುಸಿದಿತ್ತು. ಅವಳು ಬೀಸಿದ ಬಾವುಟ ಆ ಮಂಜಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಎಚ್ಚರದ ಡ್ರೈವರ್ ಎಂದು ಮೇಲಿನವರು ಪದಕ ಕೊಟ್ಟರು. ಅಜ್ಜ ಅವಳನ್ನೇ ಮದುವೆಯಾದರು. ಆ ಪದಕ ನನ್ನದು ಎಂದು ಅಜ್ಜಿ ಸಾಯುವ ತನಕ ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದಳಂತೆ.

"ಕರ್ತವ್ಯ ಅಂತ ನೋಡಿದ್ರೆ ನಾನು ನಿಲ್ಲಿಸ್ತಾನೇ ಇರ್ಲಿಲ್ಲಪ್ಪ ಅಂದ್ರು ಅಜ್ಜ," ಎಂದ ಗಂಡ. "ಕರ್ತವ್ಯ ಅಂದ್ರೆ ಹೊತ್ತಿಗೆ ಸರಿಯಾಗಿ ಓಡಿಸೋದು. ಅಷ್ಟೂ ಜನ ಮನೆ ಸೇರಿದ್ದು ನನ್ನ ಹುಚ್ಚಿನಿಂದ ಅಂದ್ರು."

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಏನೋ ಹೊಳೆದು ಗಂಡನನ್ನೇ ದಿಟ್ಟಿಸಿದಳು.

"ರೀ, ಇವತ್ತು ಎರಡೂ ಕಡೆ ಮಾಡಿದ್ರಾ?"

ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

ಈ ಸಲ ಅವಳೂ ಹೊರಟಳು, ಮಡಚಿದ ಟವೆಲ್ ಬಗಲಲ್ಲಿ ಇಟ್ಟುಕೊಂಡು. ನಡುಕೋಣೆಯಲ್ಲಿ ರೈಲಜ್ಜ ದಿಂಬಿಗೊರಗಿ ಕೂತಿದ್ದರು, ಒಂದು ಕೆನ್ನೆ ಕನ್ನಡಿ, ಇನ್ನೊಂದು ಕೆನ್ನೆಯಲ್ಲಿ ಸಾಬೂನು ಒಣಗಿ ಬಿರುಕು ಬಿಟ್ಟಿತ್ತು. ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು ಊಟ ಮಾಡುತ್ತಿದ್ದರು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ. ಇವರನ್ನು ಕಂಡು, ಇವನು ಮತ್ತೆ ಬರುತ್ತಾನೆಂದು ಗೊತ್ತಿತ್ತು, ಅದಕ್ಕೇ ನೆನಪು ಮಾಡಲಿಲ್ಲ ಎಂದರು.

ಅವಳು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಇಷ್ಟು ಸಂಜೆಗಳನ್ನು ತನ್ನ ಮನೆಗೆ ಕಳಿಸಿದ ಮನುಷ್ಯ ಇವರೇ ಎಂದುಕೊಂಡಳು. ಕೈಮುಗಿದು, ಅಜ್ಜ, ನಿಮ್ಮಿಂದ ತುಂಬ ಉಪಕಾರವಾಯಿತು ಎಂದಳು.

"ನನ್ನಿಂದೇನಮ್ಮ? ನನಗೆ ಹೇಳೋ ಚಟ, ಇವನಿಗೆ ಕೇಳೋ ಚಟ. ನೀನೂ ಹಾಗೇ ಕೂತ್ಕೋ. ಒಂದು ಸಲ ಏನಾಯ್ತು ಅಂದ್ರೆ..."

"ಅಜ್ಜ, ತುಟಿ ಅಲುಗಿಸಬೇಡಿ," ಎಂದ ಗಂಡ, ಸಾಬೂನು ನೊರೆ ಎಬ್ಬಿಸುತ್ತ. "ಮೊದಲು ಈ ಕೆನ್ನೆ."

ಅವಳು ಟವೆಲ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತು ಕಾದಳು.