ಹಾಲುಹಲ್ಲಿನ ಖೂಣ

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಅಡ್ಡ ಮಾತಾಡದೆ ಕೇಳಿಸಿಕೊಳ್ಳುತ್ತಿದ್ದೆ. ಆದರೆ ಒಂದನ್ನೂ ನಂಬುತ್ತಿರಲಿಲ್ಲ. ಹೇಳುವವರು ಯಾವುದೋ ದಿನವನ್ನು ತಪ್ಪಾಗಿ ನೆನಪಿಟ್ಟುಕೊಂಡಿರುತ್ತಾರೆ, ಅಷ್ಟೇ ಎಂದುಕೊಳ್ಳುತ್ತಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ಓದಿದ ನೀವೂ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬೀದರಿನಲ್ಲಿ ಕೋಣೆ ಹಿಡಿದ ಮೊದಲ ವರ್ಷ ಅದು. ಉಚಿತ ಕಾನೂನು ನೆರವಿನ ಸ್ವಯಂಸೇವಕಿಯಾಗಿ ಪ್ರತಿ ಶನಿವಾರ ಜೈಲಿಗೆ ಹೋಗುತ್ತಿದ್ದೆ. ಇನ್ನೂ ತೀರ್ಪಾಗದ ವಿಚಾರಣಾಧೀನ ಕೈದಿಗಳು ಸಾಲಾಗಿ ಬಂದು ನನ್ನ ಮೇಜಿನ ಮುಂದೆ ಕೂರುತ್ತಿದ್ದರು. ವಕೀಲರಿಲ್ಲದವರಿಗೆ ವಕೀಲರನ್ನು ಕೇಳಿ ಅರ್ಜಿ ಬರೆಯುವುದು, ಮುಂದಿನ ವಾಯಿದೆಯ ತಾರೀಖು ತಿಳಿಸುವುದು, ಮನೆಗೆ ಸುದ್ದಿ ಮುಟ್ಟಿಸುವುದು, ಇಷ್ಟೇ ನನ್ನ ಕೆಲಸ.

ಇದರಲ್ಲಿ ಸುದ್ದಿ ಮುಟ್ಟಿಸುವುದೇ ಕಷ್ಟ. ‘ನಿಮ್ಮ ಹುಡುಗನನ್ನು ಬಿಡಿಸಿಕೊಡುತ್ತೇವೆ’ ಎಂದು ಮೋಸ ಮಾಡುವವರು ಊರೂರು ತಿರುಗುವುದರಿಂದ ಮನೆಯವರು ಯಾರನ್ನೂ ನಂಬುವುದಿಲ್ಲ. ಹೀಗಾಗಿ ಪ್ರತಿಯೊಬ್ಬರಿಂದಲೂ ನಾನೊಂದು ಖೂಣ ಕೇಳಿಕೊಳ್ಳುತ್ತಿದ್ದೆ. ಖೂಣ ಎಂದರೆ ಅವನಿಗೂ ಅವನ ಮನೆಯವರಿಗೂ ಮಾತ್ರ ಗೊತ್ತಿರುವ ಒಂದು ಗುರುತಿನ ಸಂಗತಿ. ಅದನ್ನು ಎಲ್ಲಿಯೂ ಬರೆದುಕೊಳ್ಳುತ್ತಿರಲಿಲ್ಲ.

ಮಾರುತಿ ಔರಾದ್ ತಾಲ್ಲೂಕಿನ ಚಿಂತಾಕಿಯವನು. ಹೊಡೆದಾಟದ ಪ್ರಕರಣ. ಔರಾದ್ ಕೋರ್ಟಿನಲ್ಲಿ ಜಾಮೀನು ಸಿಕ್ಕು ನಾಲ್ಕು ತಿಂಗಳಾಗಿತ್ತು. ಆದರೆ ಹೊಲವಿರುವ ಒಬ್ಬರು ಪಹಣಿ ತಂದು ಜಾಮೀನುದಾರರಾಗಿ ಸಹಿ ಹಾಕಬೇಕಿತ್ತು, ಯಾರೂ ಬಂದಿರಲಿಲ್ಲ.

“ಮಾರುತಿ ಜಾಮೀನಿನ ಆರ್ಡರ್‌ದು ಉಪ್ಪಿನಕಾಯಿ ಹಾಕ್ಯಾನ್ರಿ ಮೇಡಂ, ಹಳೇದಾದಷ್ಟೂ ರುಚಿ,” ಎಂದ ಸಾಲಿನಲ್ಲಿದ್ದವನೊಬ್ಬ.

“ನಿನಗ ಅದೂ ಇಲ್ಲಲೇ, ಬರೇ ರೊಟ್ಟಿ ತಿನ್ನು,” ಎಂದು ಮಾರುತಿಯೂ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. “ಅಕ್ಕಗ ಸಾಯಗಾಂವಕ್ಕ ಕೊಟ್ಟಾರ್ರಿ. ಭಾವನ ಹೆಸರಿಗಿ ಹೊಲ ಅದ. ಫೋನ್ ಹತ್ತವಲ್ದು. ನೀವೊಮ್ಮಿ ಹೋದ್ರ ಆಗ್ತದ್ರಿ.”

ಖೂಣ ಕೇಳಿದೆ. ಉಳಿದವರು ದೂರ ಸರಿದ ಮೇಲೆ ಮೆಲ್ಲಗೆ ಹೇಳಿದ: “ನನ್ನ ಮೊದಲನೇ ಹಾಲುಹಲ್ಲು ಬಿದ್ದಾಗ ಅಕ್ಕ ಅದನ್ನ ಮನಿ ಮ್ಯಾಲ ಒಗಿಲಿಲ್ರಿ, ಮುಚ್ಚಿಟ್ಳು. ಲಗ್ನಾಗಿ ಹೋಗುವಾಗ ಕುಂಕುಮದ ಡಬ್ಬಿದಾಗ ಇಟಗೊಂಡು ಹೋದ್ಳು. ನಮ್ಮವ್ವಗೂ ಗೊತ್ತಿಲ್ಲ.”

ಸೋಮವಾರ ಸಾಯಗಾಂವ, ಮಂಗಳವಾರ ಹನ್ನೊಂದಕ್ಕೆ ಔರಾದ್ ಕೋರ್ಟಿನ ಗೇಟಿನಲ್ಲಿ ಅವನ ಭಾವನನ್ನು ಕಾಣುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ. ಆದರೆ ಭಾನುವಾರ ಸಂಜೆ ಜ್ವರ ಬಂತು. ಎರಡು ದಿನ ಕೋಣೆಯಲ್ಲೇ ಹೊದ್ದು ಮಲಗಿದ್ದೆ. ಮನೆ ಮಾಲೀಕರ ಹೆಂಡತಿಯನ್ನು ನಾನು ಕಾಕು ಎನ್ನುತ್ತೇನೆ. ಅವರು ಎರಡು ಹೊತ್ತೂ ಗಂಜಿ ತಂದು, ನಾನು ಕುಡಿಯುವವರೆಗೂ ಕೂತಿರುತ್ತಿದ್ದರು. “ಗ್ವಾಡಿ ಕಡಿ ಮಾರಿ ಮಾಡಿ ಕುಡೀತಿ. ನಾ ಏನು ಕಸಗೋತೇನಿ ಅಂತ ಮಾಡೀಯೇನು?” ಎಂದು ಛೇಡಿಸಿದ್ದು ಸೋಮವಾರ ಮಧ್ಯಾಹ್ನ. ಅದು ನನಗೂ ನೆನಪಿದೆ, ಅವರಿಗೂ ನೆನಪಿದೆ.

ಬುಧವಾರ ಜ್ವರ ಇಳಿಯಿತು. ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಸಾಯಗಾಂವ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಮಾರುತಿಯ ಅಕ್ಕ ಶಾಂತಾಬಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ನಾನು ಹೆಸರು ಹೇಳುವ ಮೊದಲೇ ಮೊರ ಕೆಳಗಿಟ್ಟರು.

“ಮತ್ತ್ಯಾಕ ಬಂದ್ರಿ?”

“ನಾ ಇವತ್ತೇ ಬಂದೇನ್ರಿ ಇಲ್ಲಿಗಿ,” ಎಂದೆ.

“ಸೋಮವಾರ ಇದೇ ಕಟ್ಟಿ ಮ್ಯಾಲ ಕುಂತಿದ್ರಲ್ರಿ? ಇದೇ ಚಷ್ಮಾ, ಇದೇ ಹರಕ ಚೈನಿನ ಚೀಲ. ಜ್ವರ ಬಂದಾವ ಅಂದ್ರಿ, ಕೊಟ್ಟ ನೀರೂ ಕುಡಿಲಿಲ್ಲ. ಮಂಗಳವಾರ ಹನ್ನೊಂದಕ್ಕ ಪಹಣಿ ತಗೊಂಡು ಔರಾದ ಕೋರ್ಟಿನ ಗೇಟಿಗಿ ಕಳಸ್ರಿ, ನಾ ಅಲ್ಲೇ ಇರ್ತೇನಿ ಅಂದ್ರಿ. ನಮ್ಮವರು ಹೊತ್ತು ಮುಳುಗೋತನ ನಿಂತು ಬಂದ್ರು. ಎಲ್ಲಿದ್ರಿ ನೀವು?”

ನನಗೆ ಬೇರೆ ದಾರಿ ತೋಚಲಿಲ್ಲ. ಹಾಲುಹಲ್ಲಿನ ಮಾತು ಹೇಳಿದೆ. ಶಾಂತಾಬಾಯಿ ಒಳಗೆ ಹೋಗಿ ಕುಂಕುಮದ ಡಬ್ಬಿ ತಂದು ತೆರೆದರು. ಕುಂಕುಮ ಹತ್ತಿ ಕೆಂಪಾದ, ಜೋಳದ ಕಾಳಿನಷ್ಟು ಹಲ್ಲು.

“ಸೋಮವಾರನೂ ಇದನ್ನೇ ಹೇಳಿದ್ರಿ. ಹೇಳಿದ್ದಕ್ಕೇ ಅವತ್ತೂ ತಗದು ತೋರ್ಸಿದೆ. ಅವತ್ತು ಬಂದಾಕಿ ಖರೇನೋ, ನೀವು ಖರೇನ್ರಿ?”

ಚೀಲದಿಂದ ಕೋರ್ಟಿನ ಆದೇಶದ ಪ್ರತಿ ತೆಗೆದೆ. ಅವರು ಮುಟ್ಟಲಿಲ್ಲ. ಗಂಡ ಅಂದೇ ಬೆಳಿಗ್ಗೆ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಇನ್ನು ಯಾರು ಬಂದು ಏನು ಹೇಳಿದರೂ ಪಹಣಿ ಕೊಡಬೇಡ ಎಂದು ಹೇಳಿ ಹೋಗಿದ್ದರು. “ನನ್ನ ತಮ್ಮ ಅಲ್ಲೇನ್ರಿ ಅವ? ಕರಕೊಂಡು ಬರಬೇಕು ಅಂತ ನನಗ ಇಲ್ಲೇನು?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಜ್ವರದ ಮಂಪರಿನಲ್ಲಿ ನಾನೇ ಹೋಗಿ ಬಂದೆನೇ? ಕಾಕು ಇಲ್ಲವೆನ್ನುತ್ತಾರೆ, ಚೀಲದಲ್ಲಿ ಬಸ್ಸಿನ ಟಿಕೆಟೂ ಇರಲಿಲ್ಲ. ಬೇರೆ ಯಾರೋ ಹೋದರು ಎಂದರೆ, ಹಲ್ಲಿನ ಸಂಗತಿ ಆಕೆಗೆ ಹೇಗೆ ಗೊತ್ತು? ನನಗೆ ಜ್ವರವಿದ್ದದ್ದು ಹೇಗೆ ಗೊತ್ತು? ಶಾಂತಾಬಾಯಿ ಸುಳ್ಳು ಹೇಳಿದರು ಎಂದು ಒಂದು ದಿನದ ಮಟ್ಟಿಗೆ ನಂಬಿ ನೋಡಿದೆ. ಆದರೆ ಔರಾದಿನ ಗೇಟು, ಹನ್ನೊಂದು ಗಂಟೆ ನಾನು ಯಾರಿಗೂ ಹೇಳದ ಮಾತು, ಹಾಗಾಗಿ ಅದೂ ನಿಲ್ಲಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಸೋಮವಾರವಲ್ಲ, ಮಂಗಳವಾರ. ನನ್ನ ಬದಲು ಸಾಯಗಾಂವಕ್ಕೆ ಹೋದವಳು ಔರಾದಿಗೆ ಯಾಕೆ ಹೋಗಲಿಲ್ಲ?

ಜಾಮೀನುದಾರರಿಲ್ಲದೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ನೆರವಿನ ವಕೀಲರು ಆಮೇಲೆ ಅರ್ಜಿ ಹಾಕಿದರು. ವಾಯಿದೆಯ ಮೇಲೆ ವಾಯಿದೆ ಬಿತ್ತು. ಆದರೆ ನನಗೆ ಮರೆಯಲಾಗದ್ದು ಆ ವಾರದ ಶನಿವಾರ.

ಮಾರುತಿ ಸಾಲಿನಲ್ಲಿ ಮೊದಲನೆಯವನಾಗಿ ನಿಂತಿದ್ದ. ಒಗೆದ ಅಂಗಿ ತೊಟ್ಟಿದ್ದ.

“ಅಕ್ಕ ಹಲ್ಲು ತೋರ್ಸಿದಳೇನ್ರಿ?”

“ತೋರ್ಸಿದ್ರು.”

“ಹಂಗಾದ್ರ ಭಾವ ಬರ್ತಾನ್ರಿ,” ಎಂದು ಹಿಂದಿದ್ದವನ ಕಡೆ ತಿರುಗಿ ನಕ್ಕ.

ಈ ಖೂಣ ಬೇರೆ ಯಾರಿಗಾದರೂ ಹೇಳಿದ್ದೆಯಾ ಎಂದು ಕೇಳಿದೆ. ಗಂಟಲು ಮುಟ್ಟಿ ಆಣೆ ಮಾಡಿದ. ನಡೆದದ್ದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಆ ಖೂಣ ಇನ್ನು ನಡೆಯುವುದಿಲ್ಲ, ಇನ್ನೊಂದು ಹೇಳು ಎಂದಷ್ಟೇ ಅಂದೆ. ಯಾಕೆಂದು ಅವನು ಕೇಳಲಿಲ್ಲ. ಕೂತು ಯೋಚಿಸಿದ. ಹಿಂದಿನವರು ಕೆಮ್ಮಿದರು, ಗೊಣಗಿದರು.

“ಮತ್ತೊಂದು ಇಲ್ರಿ ಮೇಡಂ,” ಎಂದ ಕೊನೆಗೆ. “ಆಕಿ ಲಗ್ನಾಗಿ ಹೋದಾಗ ನಾ ಭಾಳ ಸಣ್ಣಾಂವ ಇದ್ದೆ. ನಮ್ಮಿಬ್ಬರದು ಅಂತ ಅದೊಂದೇ ಇತ್ರಿ.”