ಗುವಾಹಟಿಗೆ ಮನೆಯಿಂದ ಲೆಕ್ಕ

ಗುವಾಹಟಿ ಎಷ್ಟು ದೂರ ಎಂದು ನಾನು ಮೊದಲು ಅಳೆದದ್ದು ಹೊಲಿಗೆಯ ದಾರದಿಂದ. ಅಕ್ಕ ಮದುವೆಯಾಗಿ, ರೈಲ್ವೆ ಕೆಲಸದ ಭಾವನ ಜೊತೆ ಅಲ್ಲಿಗೆ ಹೋದ ವರ್ಷ ಅದು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಅಟ್ಲಾಸಿನ ಮೇಲೆ ದಾರ ಎಳೆದು, ಪುಟದಡಿಯ ಅಳತೆಪಟ್ಟಿಗೆ ಹಿಡಿದೆ. ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿಗೆ ತುಸು ಹೆಚ್ಚು. ಆಮೇಲೆ ಅವಳೇ ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ನಾನು ಹೋದದ್ದಿಲ್ಲ.

ಕಳೆದ ವರ್ಷ ಅವಳ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. "ಇನ್ನು ನೀನೇ ಒಂದು ಸಲ ಬಾರೆ" ಎಂದಳು. ಮೊಬೈಲಿನಲ್ಲಿ ಎರಡು ಊರಿನ ಹೆಸರು ಒತ್ತಿದೆ. ವಿಮಾನದಲ್ಲಿ ಮೂರು ಗಂಟೆ ಹತ್ತು ನಿಮಿಷ. ಕೊಪ್ಪದಿಂದ ಬೆಂಗಳೂರಿಗೆ ಬಸ್ಸು ತೆಗೆದುಕೊಳ್ಳುವ ಹೊತ್ತಿನ ಅರ್ಧವೂ ಅಲ್ಲ. ಕೈ ಒರೆಸಿಕೊಂಡು ಇವರಿಗೆ ತೋರಿಸಿದೆ.

ಇವರು ಕನ್ನಡಕ ಹಾಕಿ ನೋಡಿ ನಕ್ಕರು. "ಅದು ಮೇಲೆ ಹಾರೋದರ ಲೆಕ್ಕ ಮಾರಾಯ್ತಿ. ಮನೆಯಿಂದ ಲೆಕ್ಕ ಹಾಕು."

ಕ್ಯಾಲೆಂಡರು ಇಳಿಸಿ, ಅದರ ಹಿಂಬದಿಯಲ್ಲಿ ತಾವೇ ಹಾಕಿದರು. ಮನೆಯಿಂದ ಕೊಪ್ಪ, ಕೊಪ್ಪದಿಂದ ಬೆಂಗಳೂರು, ಅಲ್ಲಿ ಏರ್‌ಪೋರ್ಟಿಗೆ ಮತ್ತೊಂದು ಬಸ್ಸು, ಎರಡು ಗಂಟೆ ಮೊದಲೇ ಹೋಗಿ ಕೂರುವುದು. ಬಸ್ಸು ಚಾ ಕುಡಿಯಲು ನಿಲ್ಲುವ ಇಪ್ಪತ್ತು ನಿಮಿಷವನ್ನೂ ಬಿಡಲಿಲ್ಲ. ಹೋಗಲು ಒಂದು ದಿನ, ಬರಲು ಒಂದು ದಿನ. ಅಷ್ಟು ದಿನ ಅತ್ತೆಗೆ ಇನ್ಸುಲಿನ್ ಚುಚ್ಚುವವರು ಯಾರು ಎಂದರು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನಾನು ಅನ್ನಕ್ಕೆ ನೀರಿಟ್ಟೆ.

ಮೂರು ತಿಂಗಳಿಗೆ, ಅಸ್ಸಾಮಿನ ಅಡಿಕೆ ನೋಡಲು ಬೆಳೆಗಾರರ ಪ್ರವಾಸ ಹೊರಟಿತು. ಪಟ್ಟಿಯಲ್ಲಿ ಇವರದು ಎರಡನೇ ಹೆಸರು. ಕ್ಯಾಲೆಂಡರು ಗೋಡೆಯಿಂದ ಇಳಿಯಲಿಲ್ಲ. ಡಯಾಲಿಸಿಸ್ ಹೊತ್ತಿಗೆ ಚಳಿಯಾಗುತ್ತದೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು, ಅವಳಿಗೆಂದು ಅಮ್ಮನ ಶಾಲನ್ನು ಮಡಚಿ ಇವರ ಬ್ಯಾಗಿನಲ್ಲಿಟ್ಟೆ.

ಐದನೇ ದಿನ ಬ್ಯಾಗು ಬಿಚ್ಚಿದಾಗ ಶಾಲು ಅದೇ ಮಡಿಕೆಯಲ್ಲಿತ್ತು. ಅಕ್ಕನ ಮನೆ ಊರಿನ ಆಚೆ ತುದಿಯಂತೆ, ಒಂದು ಗಂಟೆ ದಾರಿಯಂತೆ, ಪುರುಸೊತ್ತಾಗಲಿಲ್ಲವಂತೆ. ಇವರು ಬರುತ್ತಾರೆಂದು ಅಕ್ಕ ಆ ದಿನದ ಡಯಾಲಿಸಿಸ್ಸನ್ನು ಬೆಳಗಿನ ಪಾಳಿಗೆ ಬದಲಿಸಿಕೊಂಡು ಕಾದಿದ್ದಳು.

ಭಾನುವಾರ ಪಕ್ಕದ ಮನೆಯವರು ಬಂದು, ಭಾರೀ ದೂರ ಅಲ್ವಾ ಎಂದು ಕೇಳಿದರು.

"ಎಂತ ದೂರ ಮಾರಾಯ, ಮೂರು ಗಂಟೆ. ಒಂದು ನಿದ್ದೆ ತೆಗೆಯೋದರೊಳಗೆ ಗುವಾಹಟಿ."

ನಾನು ಕಾಫಿ ಬಗ್ಗಿಸುತ್ತಿದ್ದೆ. ಆ ಹತ್ತು ನಿಮಿಷವನ್ನೂ ಕೈಬಿಟ್ಟಿದ್ದು ಕಿವಿಗೆ ಬಿತ್ತು.

ಅಕ್ಕ ಹೋದಳೆಂದು ಭಾವನ ಫೋನು ಬಂದದ್ದು ಈ ವರ್ಷ, ಒಂದು ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ. ಸಂಜೆ ನಾಲ್ಕಕ್ಕೆ ದಹನ ಎಂದರು. ಇವರು ತಕ್ಷಣ ಮೊಬೈಲು ಎತ್ತಿಕೊಂಡರು. ಮುಖದಲ್ಲಿ ನಿಜವಾದ ಮರುಕವೇ ಇತ್ತು.

"ಮಧ್ಯಾಹ್ನ ಒಂದು ವಿಮಾನ ಇದೆ. ಮೂರೇ ಗಂಟೆ. ಹೊರಡು, ನಾನೂ ಬರ್ತೀನಿ."

"ಮನೆಯಿಂದ ಲೆಕ್ಕ ಹಾಕಿ" ಎಂದೆ.

ಇವರ ತುಟಿ ಅಲುಗಿತು. ಕೊಪ್ಪ, ಬೆಂಗಳೂರು, ಮತ್ತೊಂದು ಬಸ್ಸು. ಏರ್‌ಪೋರ್ಟು ತಲುಪುವ ಮೊದಲೇ ನಾಲ್ಕು ದಾಟಿರಬೇಕು. ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲಾಗಿ ಇಟ್ಟರು.